ಶುಕ್ರವಾರ ಏಳದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರಿನ ಮೈಮೇಲೆ ಶಾರದತ್ತೆ ಬರುತ್ತಾಳೆ.

ಇದು ನನ್ನ ಮಾತಲ್ಲ, ಆಯಿಯ, ಅಂದರೆ ನನ್ನ ಅಮ್ಮನ ಮಾತು. (ನನ್ನದೆಂದು ನಂಬಿದವರು ಈ ಅಂಕಣವನ್ನು ಇಷ್ಟು ದಿನ ಓದಿಯೇ ಇಲ್ಲ.) ಶಾರದತ್ತೆ ನನ್ನ ಅಪ್ಪನ ಅಕ್ಕ. ಹೋದ ವರ್ಷ ತೀರಿಕೊಂಡಳು. ಹೊನ್ನಾವರದ ನಮ್ಮ ಮನೆಯ ಒಳಕೋಣೆಯಲ್ಲಿ, ಕಿಟಕಿಯ ಪಕ್ಕ, ಅವಳದೊಂದು ಬೆತ್ತದ ಕುರ್ಚಿ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಕುಳಿತು ರಸ್ತೆ ನೋಡುತ್ತಿದ್ದಳು. ಯಾರು ಬಂದರು, ಯಾರು ಹೋದರು, ಯಾರ ಕೈಚೀಲದಲ್ಲಿ ಎಂತ ಇತ್ತು, ಎಲ್ಲವೂ ಅವಳಿಗೆ ಗೊತ್ತು. ಈಗ ಆ ಜಾಗದಲ್ಲಿ ನನ್ನ ಕಂಪ್ಯೂಟರ್ ಟೇಬಲ್ ಇದೆ.

ತಿಂಗಳ ಹಿಂದೆ, ಒಂದು ಮಂಗಳವಾರ ಸಂಜೆ, ಕುಮಟೆಯಿಂದ ಬಸ್ಸಿಳಿದು ಮನೆಗೆ ಬಂದೆ. (ಅಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಪಾಠವಲ್ಲ, ಬರೀ ವಾದ ಎನ್ನುವವರೂ ಇದ್ದಾರೆ.) ಆಯಿ ಚಹಾ ಕೊಡುವ ಮೊದಲೇ ಸುದ್ದಿ ಕೊಟ್ಟಳು.

“ನಿನ್ನ ಕಂಪ್ಯೂಟರ್ ಮಧ್ಯಾಹ್ನ ತಾನೇ ಎದ್ಕಂಡ್ತು ತಂಗಿ.” (ನಮ್ಮ ಕಡೆ ಮಗಳನ್ನು ಕರೆಯುವುದೂ ತಂಗಿ ಎಂದೇ.)

“ಯಾರೋ ಮುಟ್ಟಿರ್ಬೇಕು.”

“ಯಾರು ಮುಟ್ಟೂದು? ನಿನ್ನಪ್ಪ ಜಗಲೀಲಿ ಗೊರಕೆ ಹೊಡೀತಿದ್ರು. ನಾನು ಇಲ್ಲೇ ಬತ್ತಿ ಹೊಸೀತಾ ಕೂತಿದ್ದೆ. ಗುರ್ ಅಂತು, ಬೆಳಕು ಬಂತು. ಸರೀ ಎರಡು ಹತ್ತಕ್ಕೆ.”

ಕಂಪ್ಯೂಟರ್ ಇಲ್ಲದ ಓದುಗರಿಗಾಗಿ ಎರಡು ಸಾಲು. ಇದಕ್ಕೆ ಸ್ಲೀಪ್ ಎಂಬ ಒಂದು ಸ್ಥಿತಿ ಇದೆ. ಹದಿನೈದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಕಪ್ಪಾಗುತ್ತದೆ, ಒಳಗಿನ ಫ್ಯಾನ್ ನಿಲ್ಲುತ್ತದೆ, ಒಂದು ಸಣ್ಣ ದೀಪ ಮಾತ್ರ ಮಿನುಗುತ್ತಿರುತ್ತದೆ. ಮೌಸ್ ಅಲ್ಲಾಡಿಸಿದರೆ ಏಳುತ್ತದೆ. ಅಲ್ಲಾಡಿಸದಿದ್ದರೆ ಏಳಬಾರದು. ನಿಯಮ ಇಷ್ಟೇ.

ಬುಧವಾರವೂ ಎದ್ದಿತು. ಗುರುವಾರವೂ. ಆಯಿ ತೀರ್ಪು ಕೊಟ್ಟೇಬಿಟ್ಟಳು: “ಶಾರದಕ್ಕ. ಅವ್ಳ ಜಾಗ ಅಲ್ದಾ ಅದು?”

ಅವಳಿಗೆ ಹೆದರಿಕೆ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಖುಷಿಯೇ ಇತ್ತು. ಮಧ್ಯಾಹ್ನ ಎರಡಕ್ಕೆ ಬತ್ತಿಯ ಹತ್ತಿ ಹಿಡಿದು ಒಳಕೋಣೆಗೆ ಹೋಗುವುದನ್ನು ತಪ್ಪಿಸಲಿಲ್ಲ. ಗಂಡನ ಅಕ್ಕನೊಡನೆ ನಲವತ್ತು ವರ್ಷ ಜಗಳವಾಡಿದವಳು. ಒಬ್ಬಳೇ ಕೂತು ಬೇಜಾರಾಗಿದ್ದಿರಬೇಕು.

ಆದರೆ ನಾನು ಸುಮ್ಮನಿರಲು ಸಾಧ್ಯವೇ? ಕಾಲೇಜು ದಿನಗಳಲ್ಲಿ ಚರ್ಚಾ ಸ್ಪರ್ಧೆಗೆಂದು ಜಿಲ್ಲೆ ಸುತ್ತಿದವಳು. ದೆವ್ವ, ಭವಿಷ್ಯ, ಹಲ್ಲಿ ಲೊಚಗುಟ್ಟಿದ್ದು, ಯಾವುದನ್ನು ಕೊಟ್ಟರೂ ನಾಲ್ಕು ನಿಮಿಷದಲ್ಲಿ ಕತ್ತರಿಸಿ ಎರಡನೇ ಸಲ ಗಂಟೆ ಬಾರಿಸುವುದರೊಳಗೆ ವೇದಿಕೆ ಇಳಿಯುತ್ತಿದ್ದೆ. ಚಹಾದ ಲೋಟ ಹಿಡಿದೇ ಶುರು ಮಾಡಿದೆ. ಒಂದು, ಸತ್ತವರು ಬರುತ್ತಾರೆ ಎಂಬುದಕ್ಕೆ ಪುರಾವೆ ಇಲ್ಲ. ಎರಡು, ಬಂದರೂ ಶಾರದತ್ತೆ ಬದುಕಿದ್ದಾಗ ಮುಟ್ಟದ ಯಂತ್ರವನ್ನು ಸತ್ತ ಮೇಲೆ ಯಾಕೆ ಮುಟ್ಟಬೇಕು? ಮೂರು, ಅಲ್ಲಿ ಯಾರೂ ಇಲ್ಲ.

“ಆತು,” ಎಂದಳು ಆಯಿ. ಆಯಿ “ಆತು” ಎಂದರೆ ಒಪ್ಪಿದಳು ಎಂದಲ್ಲ. ನಿನ್ನದು ಮುಗಿಯಿತಲ್ಲ, ಲೋಟ ತೊಳೆದಿಡು ಎಂದರ್ಥ.

ಶನಿವಾರದಿಂದ ನನ್ನ ತನಿಖೆ ಶುರುವಾಯಿತು. ನಮ್ಮ ಮನೆ ಹೆದ್ದಾರಿಯಿಂದ ಕೂಗಳತೆಯಲ್ಲಿದೆ. ಲಾರಿ ಹೋದರೆ ಕಪಾಟಿನ ಲೋಟಗಳು ಗುಟ್ಟು ಮಾತಾಡುತ್ತವೆ. ಅದೇ ನಡುಕಕ್ಕೆ ಮೌಸಿನ ಹೊಟ್ಟೆಯೊಳಗಿನ ಗುಂಡು ಉರುಳಿ ಕಂಪ್ಯೂಟರ್ ಏಳುತ್ತದೆ! ಬೆಳಿಗ್ಗೆ ಮೌಸನ್ನು ಅಂಗಾತ ಮಲಗಿಸಿ ಬಸ್ ಹಿಡಿದೆ. ಸಂಜೆ ಆಯಿ ಗೇಟಿನಲ್ಲೇ ವರದಿ ಒಪ್ಪಿಸಿದಳು.

“ಎದ್ತು.”

ಮೌಸಿನ ವಾಯರನ್ನೇ ಕಿತ್ತೆ. ಎದ್ತು. ಕೀಬೋರ್ಡಿನದ್ದೂ ಕಿತ್ತೆ. (ಇರುವೆ, ಹಲ್ಲಿ ಇತ್ಯಾದಿಗಳನ್ನು ಶಂಕಿತರ ಪಟ್ಟಿಯಲ್ಲಿ ಸೇರಿಸಿದ್ದೆ.) ಎದ್ತು. ಕರೆಂಟಿನ ಏರಿಳಿತ ಇರಬಹುದೆಂದು ಫ್ರಿಜ್ಜಿನ ಸ್ಟೆಬಿಲೈಜರ್ ತಂದು ಇದಕ್ಕೆ ಜೋಡಿಸಿದೆ. ಎದ್ತು. ಫ್ರಿಜ್ಜು ಮಾತ್ರ ಮುನಿಸಿಕೊಂಡಿತು.

ಕುಮಟೆಯ ರಿಪೇರಿಯವರನ್ನು ಕೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಅವರು ಅಂದರು, “ವೈರಸ್ಸು ಮೇಡಂ. ಫಾರ್ಮ್ಯಾಟ್ ಮಾಡ್ವ.”

“ವೈರಸ್ಸಿಗೆ ಎರಡು ಹತ್ತೇ ಯಾಕೆ ಬೇಕು?”

“ಅದರ ಟೈಮ್ ಅದು.”

ಹೇಳಿ, ಆಯಿಗೂ ಇವರಿಗೂ ಏನು ವ್ಯತ್ಯಾಸ? ಒಬ್ಬರು ಶಾರದತ್ತೆ ಎಂದರು, ಇನ್ನೊಬ್ಬರು ವೈರಸ್ ಎಂದರು. ಇಬ್ಬರೂ ಒಳಗೆ ತೆಗೆದು ನೋಡಲಿಲ್ಲ. ನಾನು ಇದನ್ನೇ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ವಿವರಿಸಿದೆ. ಅವರು ಹೊನ್ನಾವರದವರೆಗೆ ಬರುವವರು, ಕುಮಟೆ ದಾಟಿದೊಡನೆ ಸಿಗುವ ಹಂದಿಗೋಣದಲ್ಲೇ ನಿದ್ದೆ ಹೋದರು.

ಈ ಗದ್ದಲದ ನಡುವೆ ನಮ್ಮ ಮನೆಗೆ ದಿನವೂ ಒಬ್ಬಳು ಬಂದುಹೋಗುತ್ತಿದ್ದಳು. ಅವಳ ಬಗ್ಗೆ ಹೇಳದಿದ್ದರೆ ಈ ಕಥೆಗೆ ಅರ್ಥವಿಲ್ಲ.

ನಾಗವೇಣಿ. ನಮ್ಮ ಕೇರಿಯವಳು, ಹಿಂದಿನ ನಾಲ್ಕನೇ ಮನೆ. ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಇವಳು ಬಿ.ಕಾಂ. ಮುಗಿಸಿ, ನನ್ನ ಇದೇ ಕಂಪ್ಯೂಟರಿನಲ್ಲಿ ಟೈಪಿಂಗ್ ಕಲಿತಳು. ಭಟ್ಕಳದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಖಾಲಿ ಇದೆಯೆಂದು ಅರ್ಜಿ ಹಾಕಿ, ಇಂಟರ್‌ವ್ಯೂಗೂ ಹೋಗಿಬಂದಳು. “ಆಯ್ಕೆ ಆದ್ರೆ ಫೋನ್ ಮಾಡ್ತೇವೆ” ಅಂದಿದ್ದರಂತೆ. ಅರ್ಜಿಯಲ್ಲಿದ್ದ ನಂಬರ್ ನಮ್ಮ ಮನೆಯದು. ಪಕ್ಕದಲ್ಲಿ ಆವರಣದೊಳಗೆ ಎರಡಕ್ಷರ: ಪಿ.ಪಿ.

ಈ ಎರಡಕ್ಷರ ಕಂಡರೆ ತಿಳಿಯಿರಿ, ಆ ಮನೆಯಲ್ಲಿ ಫೋನ್ ಇಲ್ಲ, ಪಕ್ಕದ ಮನೆಯಲ್ಲಿದೆ. ನಮ್ಮ ಕೇರಿಯ ಹನ್ನೊಂದು ಮನೆಗಳ ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡು, ಅರ್ಜಿಗಳಲ್ಲಿ ನಮ್ಮ ನಂಬರ್ ಇದೆ. ಮೊಬೈಲು ಇನ್ನೂ ಈ ಕಡೆ ಬಂದಿಲ್ಲ. ಫೋನ್ ಬಂದರೆ ಅಪ್ಪ “ಐದು ನಿಮಿಷ ಬಿಟ್ಟು ಮಾಡಿ” ಎಂದು ಇಟ್ಟು, ಅಂಗಳ ದಾಟಿ ಹೋಗಿ ಕರೆದು ತರಬೇಕು. ಅಪ್ಪ ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರರು. ಕೇರಿಯ ಅರ್ಧ ಜನ ಅವರ ಕೈಯಲ್ಲಿ ಅ ಆ ಇ ಈ ಕಲಿತವರು. ಇಲ್ಲ ಎನ್ನುವುದು ಹೇಗೆ?

ದಿನವೂ ಸಂಜೆ ನಾಗವೇಣಿ ಜಗಲಿಯ ಕೆಳಗೆ ನಿಂತು ಕೇಳುತ್ತಿದ್ದಳು.

“ಮಾಸ್ತರ್ರೇ, ಫೋನ್ ಬಂತ್ರಾ?”

“ಇಲ್ಲ ಮಗಾ. ಬಂದ್ರೆ ನಾನೇ ಓಡಿ ಬತ್ತೆನಲ್ಲ.”

ನಾನು ಅವಳಿಗೂ ವಾದ ಹೂಡಿದ್ದೆ. “ಭಟ್ಕಳಕ್ಕೆ ಒಂದು ತಾಸು ಬಸ್ಸು. ಹೋಗಿ ಕೇಳು. ಕೇಳೂದಕ್ಕೆ ಎಂತ?”

“ಬೇಡ ಅಕ್ಕಾ. ಅವ್ರೇ ಮಾಡ್ತೇವೆ ಹೇಳಿರು. ನಾವು ಹೋಗಿ ನಿಂತ್ರೆ ಗಡಿಬಿಡಿ ಮಾಡ್ದಂಗೆ ಆತದೆ.”

ಎರಡನೇ ಗುರುವಾರ ಅವಳು ಕೇಳಲು ಬರಲಿಲ್ಲ. ಬದಲಿಗೆ ಅವಳ ತಾಯಿ ಬಂದು, ನಾಗವೇಣಿ ಸೋಮವಾರ ಬೆಳಿಗ್ಗೆ ಗೋವೆಗೆ ಹೊರಟಿದ್ದಾಳೆ ಎಂದರು. ಮೀನು ಪ್ಯಾಕ್ ಮಾಡುವ ಫ್ಯಾಕ್ಟರಿ. ಈ ಕಡೆಯ ಹುಡುಗಿಯರು ಏಳೆಂಟು ಜನ ಒಟ್ಟಿಗೆ ಹೋಗುತ್ತಿದ್ದಾರೆ. ಅಲ್ಲೇ ಇರುವುದು, ಅಲ್ಲೇ ಊಟ. “ಕಲ್ತದ್ದು ಎಲ್ಲಿಗೂ ಓಡಿ ಹೋಗೂದಿಲ್ಲ ಬಿಡಿ,” ಎಂದು ಅವರೇ ನಮಗೆ ಸಮಾಧಾನ ಹೇಳಿ ಹೋದರು. ಅಪ್ಪ ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತ ಕುಳಿತರು.

ಮರುದಿನ ಶುಕ್ರವಾರ. ಸಂಜೆ ನಾನು ಸೋತ ಮುಖದಲ್ಲಿ ಕೇಳಿದೆ, “ಎದ್ತಾ?”

“ಇಲ್ಲ,” ಎಂದಳು ಆಯಿ. “ಶುಕ್ರವಾರ ಅಲ್ದಾ? ಹೋದ ಶುಕ್ರವಾರವೂ ಬರ್ಲಿಲ್ಲ.”

“ನಿನಗೆ ಹೇಗೆ ನೆನಪು?”

ಆಯಿ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಸಂಕಷ್ಟಿ, ಏಕಾದಶಿಗಳ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಅಂಕಿಗಳು. ಮಂಗಳವಾರ ಎರಡು ಹತ್ತು. ಬುಧವಾರ ಎರಡು ಹದಿಮೂರು. ಗುರುವಾರ ಎರಡು ಎಂಟು. ಶುಕ್ರವಾರದ ಚೌಕ ಖಾಲಿ. ಶನಿವಾರ, ರವಿವಾರ, ಸೋಮವಾರ ಮತ್ತೆ ಅಂಕಿಗಳು. ಎರಡನೇ ಶುಕ್ರವಾರ ಮತ್ತೆ ಖಾಲಿ.

ಆಯಿಯ ವಿವರಣೆ ಸಿದ್ಧವಿತ್ತು. “ಶಾರದಕ್ಕ ಶುಕ್ರವಾರ ಮಧ್ಯಾಹ್ನ ಎಲ್ಲಿರ್ತಿತ್ತು ಹೇಳು?”

ನನಗೆ ಗೊತ್ತಿತ್ತು. ದೇವಿ ಗುಡಿಯಲ್ಲಿ. ಮಳೆ ಬರಲಿ, ಜ್ವರ ಬರಲಿ, ಶುಕ್ರವಾರ ಊಟವಾದದ್ದೇ ಗುಡಿ. ಆ ಬೆತ್ತದ ಕುರ್ಚಿ ಖಾಲಿ ಇರುತ್ತಿದ್ದುದು ವಾರದಲ್ಲಿ ಅದೊಂದೇ ಮಧ್ಯಾಹ್ನ.

ಒಪ್ಪಿಕೊಳ್ಳುತ್ತೇನೆ, ಬೆನ್ನಲ್ಲಿ ಒಂದು ಇರುವೆ ಹರಿಯಿತು. ಚರ್ಚಾ ವೇದಿಕೆಯ ಇಷ್ಟು ವರ್ಷಗಳಲ್ಲಿ ಎದುರು ಪಕ್ಷದವರು ಇಷ್ಟು ಒಳ್ಳೆಯ ಪುರಾವೆ ತಂದದ್ದು ಇದೇ ಮೊದಲು.

ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದು. ಹತ್ತು ದಿನದಿಂದ ಲಾರಿ, ಕರೆಂಟು, ಇರುವೆ ಎಂದು ವಾದಿಸಿದ ನಾನು ಆ ಕಂಪ್ಯೂಟರ್ ಏಳುವುದನ್ನು ಒಮ್ಮೆಯಾದರೂ ನೋಡಿದ್ದೆನೇ? ಇಲ್ಲ. ವಾರದ ದಿನ ಎರಡು ಗಂಟೆಗೆ ನಾನು ಕುಮಟೆಯಲ್ಲಿ. ನಡುವೆ ಸಿಕ್ಕ ಒಂದು ರವಿವಾರ ಹಿರೇಗುತ್ತಿಗೆ ಚರ್ಚಾ ಸ್ಪರ್ಧೆಯ ತೀರ್ಪುಗಾರಳಾಗಿ ಹೋಗಿದ್ದೆ. (ವಿಷಯ: ವೈಜ್ಞಾನಿಕ ಮನೋಭಾವ. ನಗಬೇಡಿ.) ನಂಬಿದವಳು ದಿನವೂ ಕುಳಿತು ನೋಡಿದಳು, ಗಡಿಯಾರ ನೋಡಿದಳು, ಬರೆದಿಟ್ಟಳು. ನಂಬದವಳು ಭಾಷಣ ಮಾಡಿದಳು.

ಶನಿವಾರ ಬೆಳಿಗ್ಗೆ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದೆ. ಕೀಳದೆ ಬಿಟ್ಟ ವಾಯರ್ ಯಾವುದು? ಕರೆಂಟಿನದ್ದು ಮತ್ತು ಇನ್ನೊಂದು, ತೆಳ್ಳಗಿನ ಫೋನ್ ವಾಯರ್. ಈ ಅಂಕಣವನ್ನು ಪತ್ರಿಕೆಗೆ ಕಳಿಸಲು ಇಂಟರ್‌ನೆಟ್ ಬೇಕು, ಅದಕ್ಕೆ ಜಗಲಿಯ ಫೋನ್ ಲೈನಿನಿಂದಲೇ ಒಂದು ಕವಲು ಒಳಗೆ ಎಳೆಸಿದ್ದೆ. ಕಿತ್ತೆ. ಬಸ್ ಹಿಡಿದೆ.

ಸಂಜೆ ಗೇಟಿನಲ್ಲಿ ಆಯಿ ಇರಲಿಲ್ಲ. ಒಳಗೆ ಕುಳಿತಿದ್ದಳು.

“ಇವತ್ತು ಬರ್ಲಿಲ್ಲ,” ಎಂದಳು. “ಶನಿವಾರ ಎಂತಕ್ಕೆ ಬರ್ಲಿಲ್ಲ?”

ನಾನು ಗೆದ್ದಿದ್ದೆ. ಆದರೆ ಅವಳ ಮುಖ ನೋಡಿ ಚಪ್ಪಾಳೆ ನಿರೀಕ್ಷಿಸುವ ಮನಸ್ಸಾಗಲಿಲ್ಲ.

ರವಿವಾರ ವಾಯರನ್ನು ಮತ್ತೆ ಜೋಡಿಸಿ, ಊಟ ಮುಗಿಸಿ, ಆಯಿಯ ಪಕ್ಕ ನಾನೂ ಕುಳಿತೆ. ಜಗಲಿಯಲ್ಲಿ ಅಪ್ಪ ಆರಾಮ ಕುರ್ಚಿಯಲ್ಲಿ ಒರಗಿದ್ದರು. ಅವರ ಕೈಗೆಟಕುವಂತೆ ಸ್ಟೂಲಿನ ಮೇಲೆ ಫೋನು. ಎರಡು ಒಂಬತ್ತಕ್ಕೆ ಕಂಪ್ಯೂಟರಿನೊಳಗೆ ಗುರ್ ಎಂದಿತು. ಪರದೆ ಬೆಳಗಿತು.

“ನೋಡು,” ಎಂದಳು ಆಯಿ, ಮೆಲ್ಲಗೆ, ಯಾರೋ ಬಂದು ಕುಳಿತಾಗ ಹೇಳುವಂತೆ.

ನನ್ನ ತಲೆಯಲ್ಲಿ ಒಂದೇ ವಾಕ್ಯ. ಫೋನ್ ವಾಯರ್ ಇದ್ದರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಅಂದರೆ ಯಾರೋ ಫೋನ್ ಮಾಡುತ್ತಿದ್ದಾರೆ. ಈಗ, ಈ ಕ್ಷಣ. ಹಾಗಾದರೆ ಗಂಟೆ ಯಾಕೆ ಬಡಿಯುತ್ತಿಲ್ಲ?

ಜಗಲಿಗೆ ಓಡಿದೆ. ರಿಸೀವರ್ ಎತ್ತುವಷ್ಟರಲ್ಲಿ ಆ ಕಡೆಯವರು ಇಟ್ಟಾಗಿತ್ತು. ಫೋನನ್ನು ಎತ್ತಿ ತಿರುಗಿಸಿದೆ. ಹೊಟ್ಟೆಯ ಅಡಿಯಲ್ಲಿ ಉಗುರಿನಷ್ಟು ದೊಡ್ಡ ಒಂದು ಗುಂಡಿ. ಗಂಟೆಯನ್ನು ಜೋರು, ಸಣ್ಣ, ಬಂದ್ ಮಾಡುವ ಗುಂಡಿ. ಅದು ಬಂದ್ ಎಂಬಲ್ಲಿ ನಿಂತಿತ್ತು.

“ಅಪ್ಪಾ!”

ಅಪ್ಪ ಕಣ್ಣು ಬಿಟ್ಟರು. ನನ್ನ ಕೈಯಲ್ಲಿ ಮಗುಚಿದ ಫೋನ್ ನೋಡಿದರು. ನಲವತ್ತು ವರ್ಷ ಮಕ್ಕಳ ಕಳ್ಳತನ ಹಿಡಿದ ಮಾಸ್ತರರ ಮುಖ ಹೇಗಾಯಿತು ಎಂದು ನಾನು ಬರೆಯುವುದಿಲ್ಲ.

“ಊಟ ಆದ್ಮೇಲೆ ಎರಡು ತಾಸು ಮಾತ್ರ,” ಎಂದರು. “ಚಾ ಹೊತ್ತಿಗೆ ಮತ್ತೆ ಹಾಕ್ತೆ. ಒಂದಿನ ಉರಿಬಿಸಿಲಲ್ಲಿ ನಾಲ್ಕು ಸಲ ಕೇರಿ ಸುತ್ತಿದೆ ತಂಗಿ. ಕರೀಲಿಕ್ಕೆ ಆಗೂದಿಲ್ಲ ಹೇಳಲಿಕ್ಕೆ ಬಾಯಿ ಬರೂದಿಲ್ಲ. ಗಂಟೆ ಕೇಳ್ದೇ ಇದ್ರೆ, ಹೇಳೂ ಪ್ರಸಂಗವೇ ಇಲ್ಲ.”

ನೋಡಿ, ಬೇರೆ ಊರಿನವರಾದರೆ “ಮಧ್ಯಾಹ್ನ ಫೋನ್ ಮಾಡಬೇಡಿ” ಎಂದು ಒಂದು ಮಾತು ಹೇಳಿ ಹಾಯಾಗಿ ಮಲಗುತ್ತಿದ್ದರು. ನಾವು ಹಾಗಲ್ಲ. ದಾಕ್ಷಿಣ್ಯಕ್ಕೆ ಹುಟ್ಟಿದವರು. ಯಾರ ಮನಸ್ಸೂ ನೋಯಬಾರದು, ನಮ್ಮ ನಿದ್ದೆಯೂ ಕೆಡಬಾರದು. ಅತ್ತ ಹೋಗಿ ಕೇಳಲು ನಾಗವೇಣಿಗೆ ದಾಕ್ಷಿಣ್ಯ, ಇತ್ತ ಆಗುವುದಿಲ್ಲ ಎನ್ನಲು ಅಪ್ಪನಿಗೆ ದಾಕ್ಷಿಣ್ಯ. ನಡುವೆ ಒಂದು ಫೋನು ದಿನವೂ ಎರಡು ಹತ್ತಕ್ಕೆ ಬಾಯಿ ಮುಚ್ಚಿ ಬಡಿದುಕೊಳ್ಳುತ್ತಿತ್ತು. ಆಯಿಗೆ ಬಿಟ್ಟರೆ ಯಾರಿಗೂ ಕಾಣದೆ.

(ಬೆಳಿಗ್ಗೆ, ಸಂಜೆ ಫೋನ್ ಬಂದಾಗಲೂ ಕಂಪ್ಯೂಟರ್ ಏಳುತ್ತಿತ್ತೇ? ಏಳುತ್ತಲೇ ಇದ್ದಿರಬೇಕು. ಗಂಟೆ ಬಡಿದರೆ ಎಲ್ಲರೂ ಜಗಲಿಗೆ ಓಡುವವರು. ಒಳಕೋಣೆಯತ್ತ ನೋಡುವವರು ಯಾರು?)

“ಅದೆಲ್ಲ ಆತು,” ಎಂದಳು ಆಯಿ. “ಫೋನ್ ಮಾಡೂದು ಯಾರು?”

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಶಾರದತ್ತೆ ಅಲ್ಲ ಎಂದು ಸಾಬೀತಾಗಿತ್ತಲ್ಲ, ನನಗಷ್ಟು ಸಾಕಿತ್ತು.

ಕ್ಯಾಲೆಂಡರಿನ ಮುಂದೆ ನಿಂತೆ. ರವಿವಾರವೂ ಫೋನ್ ಮಾಡುವವರು ಯಾರು? ಬ್ಯಾಂಕಲ್ಲ, ಸರ್ಕಾರಿ ಕಚೇರಿಯಲ್ಲ. ರವಿವಾರ ಕೆಲಸ ಮಾಡಿ, ಶುಕ್ರವಾರ...

“ಭಟ್ಕಳ,” ಎಂದರು ಅಪ್ಪ, ಕುರ್ಚಿಯಿಂದ ಏಳುತ್ತ. “ಅಲ್ಲಿ ಮುಸ್ಲಿಮರು ನಡೆಸೂ ಕೆಲವು ಶಾಲೆಗಳಿಗೆ ಶುಕ್ರವಾರ ರಜೆ. ನಾಗವೇಣಿ ಹೋದದ್ದು ಅಂಥ ಶಾಲೆಗೇ.”

ಅಷ್ಟು ಚುರುಕಾಗಿ ಅವರು ಎದ್ದದ್ದನ್ನು ನಾನು ನಿವೃತ್ತಿಯ ನಂತರ ನೋಡಿರಲಿಲ್ಲ. ಡೈರೆಕ್ಟರಿ ತೆಗೆದರು, ಕನ್ನಡಕ ಹುಡುಕಿದರು, ಅದು ಹಣೆಯ ಮೇಲೇ ಇತ್ತು. ನಂಬರ್ ಒತ್ತಿದರು. ಆ ಕಡೆ ಒಬ್ಬ ಹಿರಿಯ ಗುಮಾಸ್ತರ ದನಿ. ನಾನು ರಿಸೀವರಿಗೆ ಕಿವಿ ಹಚ್ಚಿ ನಿಂತೆ.

“ಹೊನ್ನಾವರದಿಂದ. ನಾಗವೇಣಿ ಹೇಳಿ ಒಬ್ಬ ಹುಡುಗಿ, ಪಿ.ಪಿ. ನಂಬರ್...”

“ಅರೆ ಸಾಹೇಬ್ರೇ! ದಿನಾ ಮಾಡ್ತಾ ಇದ್ದೇನೆ. ಊಟದ ಬಿಡುವಲ್ಲಿ ಮಾತ್ರ ನನಗೆ ಫೋನ್ ಖಾಲಿ ಸಿಗೂದು. ಈಗ ಹತ್ತು ನಿಮಿಷದ ಹಿಂದೆ ಕೂಡ ಮಾಡಿದೆ. ನಿಮ್ಮ ಮನೇಲಿ ಯಾರೂ ಇಲ್ವಾ?”

ಅಪ್ಪ ಕನ್ನಡಕವನ್ನು ಮತ್ತೆ ಹಣೆಗೇರಿಸಿದರು. ಊರಿಗೆ ಹೋಗಿದ್ದೆವು ಎನ್ನಬಹುದಿತ್ತು. ಲೈನ್ ಕೆಟ್ಟಿತ್ತು ಎನ್ನಬಹುದಿತ್ತು. ಟೆಲಿಫೋನ್ ಇಲಾಖೆಯ ಮೇಲೆ ಹಾಕಿದರೆ ಯಾರೂ ಅನುಮಾನಿಸುವುದಿಲ್ಲ.

“ಇದ್ದೆ,” ಎಂದರು. “ಗಂಟೆ ಬಂದ್ ಮಾಡಿ ಮಲಗ್ತಿದ್ದೆ. ತಪ್ಪು ನನ್ನದು, ಆ ಹುಡುಗೀದಲ್ಲ. ಕೆಲಸ ಇದ್ಯಾ, ಹೋತಾ?”

ಗುಮಾಸ್ತರು ನಕ್ಕರು. “ಹೋಗೂದರಲ್ಲಿತ್ತು. ನಾಳೆ ಬೇರೆಯವರಿಗೆ ಹೇಳಿ ಅಂದಿದ್ರು. ಆ ಹುಡುಗಿ ಟೈಪಿಂಗಲ್ಲಿ ಒಂದು ತಪ್ಪೂ ಮಾಡ್ಲಿಲ್ಲ, ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ ನನಗೆ. ಕರೀರಿ ಅವಳನ್ನ. ನಾನೇ ಮಾಡ್ತೇನೆ, ಹತ್ತು ನಿಮಿಷ ಬಿಟ್ಟು.”

ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅಪ್ಪ ಗೇಟು ದಾಟಿದ್ದರು. ಬರಿಗಾಲು, ಬನಿಯನ್ನು, ನೆತ್ತಿಯ ಮೇಲೆ ಎರಡೂವರೆಯ ಬಿಸಿಲು. “ಏ ನಾಗವೇಣೀ, ಫೋನೂ!” ಅವರ ಶಾಲೆಯ ದನಿ ಅದು, ಮೈದಾನದ ಆ ತುದಿಗೆ ಕೇಳುವಂಥದ್ದು. ಕೇರಿಯ ಇಡೀ ಮಧ್ಯಾಹ್ನದ ನಿದ್ದೆ ಒಂದೇ ಕೂಗಿಗೆ ಎದ್ದಿತು.

ನಾಗವೇಣಿ ಓಡಿ ಬಂದಳು, ಕೈಯಲ್ಲಿ ಮಡಚುತ್ತಿದ್ದ ಒಂದು ದುಪಟ್ಟಾ ಹಾಗೇ ಇತ್ತು. ಗೋವೆಯ ಚೀಲಕ್ಕೆ ಹಾಕಬೇಕಾದದ್ದು. ಎಲ್ಲರೂ ಫೋನಿನ ಸುತ್ತ ನಿಂತೆವು. ಗುಂಡಿ ಈಗ ಜೋರು ಎಂಬಲ್ಲಿತ್ತು. ಗಂಟೆ ಬಡಿದಾಗ ನಾವೆಲ್ಲ ಬೆಚ್ಚಿದೆವು.

“ಎತ್ತು,” ಎಂದರು ಅಪ್ಪ. “ನಿನ್ನ ಫೋನು.”

ಅವಳು “ಹೌದು ಸರ್”, “ಆತು ಸರ್”, “ಬತ್ತೆ ಸರ್” ಎಂಬ ಮೂರು ಮಾತು ಬಿಟ್ಟು ಬೇರೇನೂ ಆಡಲಿಲ್ಲ. ರಿಸೀವರ್ ಇಟ್ಟಮೇಲೆ ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಅಪ್ಪ ಅವಳೆದುರು ನಿಂತು, “ನಾನು ನಿನ್ನ ಫೋನ್ ಮುಚ್ಚಿ ಇಟ್ಟಿದ್ದೆ ಮಗಾ,” ಎಂದು ಶುರು ಮಾಡಿದರು.

“ಬಿಡಿ ಮಾಸ್ತರ್ರೇ,” ಎಂದಳು ಅವಳು. “ನೀವು ಕ್ಲಾಸಲ್ಲೂ ನಿದ್ದೆ ಮಾಡ್ತಿದ್ರಿ.”

ಸೋಮವಾರ ಬೆಳಿಗ್ಗೆ ಅವಳು ಬಸ್ ಹಿಡಿದಳು. ಗೋವೆಯ ಕಡೆಗಲ್ಲ, ದಕ್ಷಿಣಕ್ಕೆ, ಭಟ್ಕಳಕ್ಕೆ.

ಕಂಪ್ಯೂಟರಿನ ರೋಗವೂ ಪತ್ತೆಯಾಯಿತು. ಅದನ್ನು ಆನ್ ಮಾಡುವಾಗ ಒಂದು ಕೀ ಒತ್ತಿ ಹಿಡಿದರೆ ನೀಲಿ ಪರದೆಯಲ್ಲಿ ಹತ್ತಾರು ಸೆಟ್ಟಿಂಗ್ ಕಾಣುತ್ತವೆ. ಅವುಗಳಲ್ಲಿ ಒಂದು: ಮಲಗಿದ್ದಾಗ ಫೋನ್ ಲೈನಿನಲ್ಲಿ ಕರೆ ಬಂದರೆ ಏಳು. ಯಾರೋ ಆನ್ ಮಾಡಿಟ್ಟಿದ್ದರು. (ಯಾರೋ ಎಂದರೆ, ಕೊಂಡ ದಿನ ಎಲ್ಲ ಸೆಟ್ಟಿಂಗನ್ನೂ ಒತ್ತಿ ನೋಡಿದವಳು.) ಆಫ್ ಮಾಡಲು ಕೈ ಹೋಯಿತು. ಆಯಿ ಹಿಂದೆ ನಿಂತಿದ್ದಳು.

“ಅದು ತೆಗ್ದ್ರೆ ಮತ್ತೆ ಏಳೂದಿಲ್ವಾ?”

“ಏಳೂದಿಲ್ಲ. ಶಾರದತ್ತೆ ಅಲ್ಲ ಅಂತ ಈಗಾದ್ರೂ ಒಪ್ತೀಯಾ?”

“ಫೋನು ಹೇಳಿ ಒಪ್ದೆ ಮಾರಾಯ್ತಿ. ಆದ್ರೆ ಶಾರದಕ್ಕ ಹೇಳಿ ತಿಳ್ಕಂಡಿದ್ದಕ್ಕೇ ಅಲ್ದಾ ನಾನು ದಿನಾ ಕೂತು ಬರ್ದದ್ದು? ಬರೀ ಮಿಷನ್ ಹೇಳಿದ್ರೆ ಯಾರು ಕೂತ್ಕಣ್ತ್ರು?”

ಇದಕ್ಕೆ ನನ್ನ ಬಳಿ ಉತ್ತರವಿದೆ. ಬಿಗಿಯಾದ, ತರ್ಕಬದ್ಧವಾದ ಉತ್ತರ. ಹುಡುಕುತ್ತಿದ್ದೇನೆ.

ಸೆಟ್ಟಿಂಗನ್ನು ಹಾಗೇ ಬಿಟ್ಟೆ. ಫೋನಿನ ಗುಂಡಿಯ ಮೇಲೆ ಅಪ್ಪ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದಾರೆ, ಯಾರೂ ಅತ್ತಿತ್ತ ಸರಿಸದಂತೆ. (ಮನೆಯಲ್ಲಿ ಅದನ್ನು ಸರಿಸುವವರು ಅವರೊಬ್ಬರೇ.) ಕೇರಿಯ ಮನೆಮನೆಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ, “ತುರ್ತಿಲ್ಲದಿದ್ರೆ ಮಧ್ಯಾಹ್ನ ಬೇಡ” ಎಂದು ಬಾಯಿಬಿಟ್ಟು ಹೇಳಿಬಂದಿದ್ದಾರೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಇಷ್ಟೇಯಾ, ಮೊದಲೇ ಹೇಳಬಾರದಿತ್ತಾ ಎಂದರಂತೆ.

ಮೊನ್ನೆ ಕಾಲೇಜಿಗೆ ರಜೆ. ಮಧ್ಯಾಹ್ನ ಎರಡು ಹತ್ತಕ್ಕೆ ಒಳಗೆ ಗುರ್ ಎಂದಿತು, ಜಗಲಿಯಲ್ಲಿ ಗಂಟೆಯೂ ಬಡಿಯಿತು. ಎರಡನೇ ಸಲ ಬಡಿಯುವಷ್ಟರಲ್ಲಿ ಅಪ್ಪ ಎತ್ತಿದರು. ಭಟ್ಕಳದಿಂದ ನಾಗವೇಣಿ.

“ಎಂತ ಇಲ್ಲ ಮಾಸ್ತರ್ರೇ. ಫೋನ್ ಎತ್ತತ್ರಾ ಹೇಳಿ ನೋಡ್ದೆ.”

ಅಲ್ಲಿ ಯಾರೂ ಇಲ್ಲ ಎಂದು ಮೇಜು ಗುದ್ದಿ ಗೆಲ್ಲುವ ನನ್ನಂಥ ವಾದಿಗಳೇ, ನಿಮ್ಮ ಮನೆಯ ಫೋನನ್ನು ಒಮ್ಮೆ ತಿರುಗಿಸಿ ನೋಡಿದ್ದೀರಾ?